ದೊಡ್ಡವರ ಮಾತಿಗೂ ತಾಳೆ ಬೇಕು

ಮಕ್ಕಳೇ, ಲೆಕ್ಕ ಮಾಡಿದ ಮೇಲೆ ತಾಳೆ ನೋಡಿರಿ ಎಂದು ಗುರುಗಳು ಹೇಳುತ್ತಾರೆ. ಉತ್ತರ ಬಂದ ಮೇಲೆ ಮತ್ತೇಕೆ ತಾಳೆ ಎಂದು ಹಲವರಿಗೆ ಬೇಸರ. ಆದರೆ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ತಾಳೆ ನೋಡುವುದೇ ಎಂದು ನನ್ನ ಅಭಿಪ್ರಾಯ. ಇದಕ್ಕೆ ಒಂದು ದೊಡ್ಡ ಸಂಖ್ಯೆಯೇ ಸಾಕ್ಷಿ.

2ನ್ನು 67 ಸಲ ಬರೆದು ಒಂದಕ್ಕೊಂದು ಗುಣಿಸಿರಿ. ಬಂದ ಉತ್ತರದಲ್ಲಿ 1 ಕಳೆಯಿರಿ. ಆಗ ಈ ಸಂಖ್ಯೆ ಸಿಗುತ್ತದೆ:

147573952589676412927

ಇದರಲ್ಲಿ 21 ಅಂಕಿಗಳಿವೆ. ಫ್ರಾನ್ಸ್ ದೇಶದ ಮರ್ಸೆನ್ ಎಂಬ ವಿದ್ವಾಂಸರು 1644ರಲ್ಲಿ ಇದನ್ನು ಅವಿಭಾಜ್ಯ ಸಂಖ್ಯೆ ಎಂದು ಬರೆದರು. 1 ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ 7, 13, 31ರಂಥ ಸಂಖ್ಯೆಗಳೇ ಅವಿಭಾಜ್ಯ ಸಂಖ್ಯೆಗಳು. ಇಷ್ಟು ದೊಡ್ಡ ಸಂಖ್ಯೆಯನ್ನು ಭಾಗಿಸಿ ನೋಡುವುದು ಆಗ ಬಹಳ ಕಷ್ಟವಾಗಿತ್ತು. ಹೀಗಾಗಿ ಆ ಮಾತು ಇನ್ನೂರಕ್ಕೂ ಹೆಚ್ಚು ವರ್ಷ ಹಾಗೆಯೇ ಉಳಿಯಿತು.

1876ರಲ್ಲಿ ಲ್ಯೂಕಾ ಎಂಬ ಗಣಿತಜ್ಞರು ಇದು ಅವಿಭಾಜ್ಯವಲ್ಲ ಎಂದು ತೋರಿಸಿದರು. ಆದರೆ ಇದನ್ನು ಯಾವ ಸಂಖ್ಯೆ ಭಾಗಿಸುತ್ತದೆ ಎಂಬುದು ತಿಳಿಯಲಿಲ್ಲ. ಅದನ್ನು ಕಂಡುಹಿಡಿದವರು ಅಮೆರಿಕದ ಕೋಲ್. 1903ರಲ್ಲಿ ಅವರು ಗಣಿತಜ್ಞರ ಸಭೆಯಲ್ಲಿ ಕಪ್ಪು ಹಲಗೆಯ ಮೇಲೆ ಈ ಗುಣಾಕಾರವನ್ನು ಮಾಡಿ ತೋರಿಸಿದರು:

193707721 × 761838257287

ಉತ್ತರ ಸರಿಯಾಗಿ ಮೇಲಿನ ಸಂಖ್ಯೆಯೇ ಬಂದಿತು! ಅವರು ಒಂದು ಮಾತನ್ನೂ ಆಡದೆ ಹೋಗಿ ಕುಳಿತರೆಂದೂ, ಸಭೆ ಚಪ್ಪಾಳೆ ತಟ್ಟಿತೆಂದೂ ಹೇಳುತ್ತಾರೆ. ಈ ಎರಡು ಸಂಖ್ಯೆಗಳನ್ನು ಹುಡುಕಲು ಅವರಿಗೆ ಮೂರು ವರ್ಷಗಳ ಭಾನುವಾರಗಳು ಬೇಕಾದವಂತೆ.

ಹುಡುಕುವುದು ಕಷ್ಟ, ತಾಳೆ ನೋಡುವುದು ಸುಲಭ. ನೀವೂ ನೋಡಬಹುದು. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 37. ಮತ್ತೆ 3 + 7 = 10, 1 + 0 = 1. ಎರಡನೆಯದರ ಅಂಕಿಗಳ ಮೊತ್ತ 64. ಅದೂ ಹೀಗೆಯೇ 1 ಆಗುತ್ತದೆ. 1 × 1 = 1. ಈಗ ಉತ್ತರದ ಅಂಕಿಗಳನ್ನು ಕೂಡಿರಿ. ಮೊತ್ತ 109. 1 + 0 + 9 = 10, ಅದೂ 1! ತಾಳೆಯಾಯಿತು. ಆದರೆ ಎರಡು ಅಂಕಿಗಳು ಅದಲು ಬದಲಾದರೆ ಈ ಉಪಾಯ ಆ ತಪ್ಪನ್ನು ಹಿಡಿಯದು. ಪೂರ್ತಿ ಖಾತ್ರಿ ಬೇಕಾದರೆ ಗುಣಾಕಾರವನ್ನೇ ಮಾಡಬೇಕು.

ಇಂದು ಗಣಕಯಂತ್ರವಿರುವಾಗ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಗಣಕಯಂತ್ರ ಕ್ಷಣದಲ್ಲಿ ಉತ್ತರ ಕೊಡುತ್ತದೆ, ನಿಜ. ಆದರೆ ನಾವು ಒಂದು ಅಂಕಿಯನ್ನು ತಪ್ಪಾಗಿ ಒತ್ತಿದರೆ ಅದು ಕೊಡುವ ಉತ್ತರವೂ ತಪ್ಪೇ.

ದೊಡ್ಡವರ ಮಾತನ್ನು ಪರೀಕ್ಷಿಸಿದರೆ ಅವರಿಗೆ ಅಗೌರವವಾಗುವುದಿಲ್ಲ. ತಪ್ಪು ತಿಳಿದ ಮೇಲೂ ಇಂಥ ಸಂಖ್ಯೆಗಳನ್ನು ಜಗತ್ತು ಮರ್ಸೆನ್ ಸಂಖ್ಯೆಗಳೆಂದೇ ಕರೆಯುತ್ತದೆ. ಆದ್ದರಿಂದ ಮಕ್ಕಳೇ, ಗೆಳೆಯರ ಉತ್ತರವನ್ನೂ, ಪುಸ್ತಕದಲ್ಲಿ ಅಚ್ಚಾದ ಉತ್ತರವನ್ನೂ ತಾಳೆ ನೋಡಿಯೇ ಒಪ್ಪಿರಿ.