‘ಇದು ರೇಸ್ ಸೈಕಲ್ ಅಲ್ಲ’ ಅನ್ನೋರಿಗೆ ಒಂದಿಷ್ಟು ಲೆಕ್ಕ

ಸೈಕಲ್ ಸ್ಪರ್ಧೆ ಅಂದ ಕೂಡಲೇ ನಮ್ಮ ಜನ ಹುಡುಗನ ಕಾಲು ನೋಡೋದಿಲ್ಲ, ಸೈಕಲ್ಲಿನ ರೇಟು ನೋಡ್ತಾರೆ. ಈ ಚಾಳಿಯ ಮೇಲೆ ಬಹಳ ದಿನದಿಂದ ಸಿಟ್ಟಿತ್ತು. ಇವತ್ತು ಬರೆದೇ ಬಿಡ್ತೀನಿ.

ಟೈಮ್ ಟ್ರಯಲ್ ಅಂದ್ರೇನು ಅಂತ ಕೇಳೋ ಬ್ಲಾಗ್ ಮಿತ್ರರಿಗಾಗಿ ಎರಡೇ ಮಾತು. ಇದರಲ್ಲಿ ಎಲ್ಲರೂ ಒಟ್ಟಿಗೆ ಹೊರಡೋದಿಲ್ಲ. ಒಬ್ಬೊಬ್ಬರನ್ನೇ ಒಂದು ನಿಮಿಷವೋ ಎರಡು ನಿಮಿಷವೋ ಅಂತರ ಇಟ್ಟು ಬಿಡ್ತಾರೆ. ಮುಂದಿನವನ ಬೆನ್ನ ಹಿಂದೆ ಗಾಳಿ ಮರೆಗೆ ಸೇರಿಕೊಳ್ಳೋ ಹಾಗಿಲ್ಲ. ಪೂರ್ತಿ ದೂರ ಒಬ್ಬನೇ ಗಾಳಿ ಸೀಳಿಕೊಂಡು ಹೋಗಬೇಕು, ಕಡಿಮೆ ಸಮಯ ತೊಗೊಂಡವನು ಗೆದ್ದ ಹಾಗೆ.

ನಮ್ಮ ಆದಿತ್ಯನಗರದ ಹುಡುಗನೊಬ್ಬ ಇಂಥದೊಂದು ಸ್ಪರ್ಧೆಗೆ ಹೆಸರು ಕೊಡೋಕೆ ಹೋದ. ಅವನದು ದಪ್ಪ ಟೈರಿನ, ಮುಂದೆ ಶಾಕ್ಸ್ ಇರೋ ಗೇರ್ ಸೈಕಲ್. ಕಾಲೇಜಿಗೆ ಹೋಗೋಕೆ ಅಂತ ಮನೆಯಲ್ಲಿ ಕೊಡಿಸಿದ್ದು. ಸಂಘಟಕರು (ಹೆಸರು ಬೇಡ ಬಿಡಿ) ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, “ಏ ತಮ್ಮಾ, ಇದು ರೇಸ್ ಸೈಕಲ್ ಅಲ್ಲಪಾ. ಮೊದಲ ಛಲೋ ಸೈಕಲ್ ತೊಗೊಂಡು ಬಾ, ಆಮ್ಯಾಲ ನೋಡೂಣು” ಅಂದರು. ಜೊತೆಗಿದ್ದ ನಾನು “ಯಾವ ರೂಲಿನಾಗ ಅದರಿ ಸರ್?” ಅಂತ ಕೇಳಿದೆ. ರೂಲಿನ ಕಾಗದ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ!

ಹಾಗಾದ್ರೆ ರೂಲು ಏನು ಹೇಳುತ್ತೆ? ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಪ್ರಕಾರ ರೇಸ್ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು. ಇಂತಿಷ್ಟಕ್ಕಿಂತ ಭಾರ ಇರಬಾರದು ಅಂತ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಮ್ಮ ಹುಡುಗನ ಸೈಕಲ್ 16 ಕಿಲೋ ತೂಗಿದರೆ ತೊಂದರೆ ಅವನ ಕಾಲಿಗೆ, ಸಂಘಟಕರಿಗೇನು?

ಅಷ್ಟಕ್ಕೂ ಆ ತೂಕದ್ದು ಎಷ್ಟು ತೊಂದರೆ ಅಂತ ಲೆಕ್ಕ ಹಾಕೋಣ. ಸಮತಟ್ಟು ರಸ್ತೆ, ವೇಗ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ಈ ವೇಗದಲ್ಲಿ 5 ಕಿಲೋ ಹೆಚ್ಚುವರಿ ಭಾರ ಉರುಳಿಸೋಕೆ ಬೇಕಾಗೋದು ಸುಮಾರು 4 ವ್ಯಾಟ್. ಅದೇ ವೇಗದಲ್ಲಿ ಬೆನ್ನು ನೆಟ್ಟಗೆ ಇಟ್ಟು ಕೂತವನಿಗೆ ಬರೀ ಗಾಳಿ ತಳ್ಳೋಕೆ ಸುಮಾರು 275 ವ್ಯಾಟ್ ಬೇಕು. ಮೊಣಕೈ ಒಳಗೆ ಸೇರಿಸಿ, ಬೆನ್ನು ಬಗ್ಗಿಸಿದರೆ ಅದು 190ರ ಆಸುಪಾಸಿಗೆ ಇಳಿಯುತ್ತೆ. ಬಗ್ಗಿ ಕೂತಿದ್ದರಿಂದ ಉಳಿದದ್ದು 85 ವ್ಯಾಟ್, ಐದು ಕಿಲೋ ಇಳಿಸಿದ್ದರಿಂದ ಉಳಿದದ್ದು 4. ಒರಟು ಲೆಕ್ಕ, ಒಪ್ಪಿದೆ. ಆದರೆ ಗಾಳಿಯ ಖರ್ಚು ವೇಗದ ಘನದಷ್ಟು ಏರುತ್ತೆ, ತೂಕದ ಖರ್ಚು ವೇಗದಷ್ಟೇ ಏರುತ್ತೆ. ಜೋರು ಹೋದಷ್ಟೂ ಈ ಅಂತರ ದೊಡ್ಡದಾಗುತ್ತೆ.

ಹಾಗಾಗಿ ‘ಸಲ್ಲದ’ ಸೈಕಲ್ಲನ್ನು ಸಲ್ಲುವಂತೆ ಮಾಡೋದು ದೊಡ್ಡ ವಿದ್ಯೆಯಲ್ಲ. ಸ್ಟ್ಯಾಂಡು, ಕ್ಯಾರಿಯರ್, ಮಡ್‌ಗಾರ್ಡ್ ಬಿಚ್ಚಿಡಿ. ಮುಳ್ಳು ಮುಳ್ಳು ದಪ್ಪ ಟೈರ್ ತೆಗೆದು ಅದೇ ರಿಮ್ಮಿಗೆ ನುಣುಪಾದ ತೆಳು ಟೈರ್ ಹಾಕಿಸಿ, ಟೈರಿನ ಮೇಲೆ ಬರೆದಷ್ಟು ಗಾಳಿ ತುಂಬಿ. ಸವಾರ, ಸೈಕಲ್ ಸೇರಿ 75 ಕಿಲೋ ಇದ್ದರೆ ಇದೊಂದರಲ್ಲೇ ಮೂವತ್ತು ಚಿಲ್ಲರೆ ವ್ಯಾಟ್ ಉಳಿಯಬಹುದು. ಸೀಟು ಮೇಲಕ್ಕೆ ಎತ್ತಿ, ಸ್ವಲ್ಪ ಮುಂದಕ್ಕೆ ಸರಿಸಿ. ಹಿಂದೆ ಕೂತು ಬಗ್ಗಿದರೆ ಮೊಣಕಾಲು ಎದೆಗೆ ಬಡಿಯುತ್ತೆ, ಮುಂದೆ ಬಂದರೆ ಸೊಂಟಕ್ಕೆ ಜಾಗ ಸಿಗುತ್ತೆ. (ಸೀಟಿನ ಮೂತಿ ಪೆಡಲ್ ಅಚ್ಚಿಗಿಂತ 5 ಸೆಂ.ಮೀ. ಹಿಂದಿರಬೇಕು ಅಂತ ಮೊದಲು ಯುಸಿಐ ನಿಯಮ ಇತ್ತು. ನಮ್ಮ ಸೈಕಲ್ಲುಗಳಲ್ಲಿ ಅದು ಎಷ್ಟೋ ಹಿಂದೆ ಇರುತ್ತೆ, ಚಿಂತೆ ಬೇಡ.) ಹ್ಯಾಂಡಲ್ ತಗ್ಗಿಸಿ. ದುಡ್ಡು ಉಳಿದರೆ ಮೊಣಕೈ ಊರೋ ಏರೋ ಬಾರ್ ಕೂಡಿಸಿ.

ಗೇರೇ ಇಲ್ಲದ ಸೈಕಲ್ಲೇ? ಅದಕ್ಕೂ ದಾರಿ ಇದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರೋ 28 ಇಂಚಿನ ಸೈಕಲ್ಲಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ವೇಗ ಗಂಟೆಗೆ 29-30 ಕಿ.ಮೀ. ಹಿಂದಿನ ಫ್ರೀವೀಲ್ 16 ಹಲ್ಲಿನದು ಹಾಕಿಸಿ, ಅದೇ ತುಳಿತಕ್ಕೆ 33 ದಾಟುತ್ತೆ.

“ಹೀಗೆ ಕೈಯಿಂದ ತಿದ್ದಿದ ಸೈಕಲ್ಲಿನಲ್ಲಿ ಯಾರು ಗೆದ್ದಿದ್ದಾರೆ?” ಅಂತ ಕೇಳ್ತೀರಾ? ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ತನ್ನ ಸೈಕಲ್ಲನ್ನು ತಾನೇ ಕಟ್ಟಿಕೊಂಡಿದ್ದ, ಅದರಲ್ಲಿ ಬಟ್ಟೆ ಒಗೆಯೋ ಮಶೀನಿನ ಬೇರಿಂಗ್ ಇತ್ತು. 1993ರ ಜುಲೈನಲ್ಲಿ ನಾರ್ವೆಯಲ್ಲಿ ಒಂದು ಗಂಟೆಯ ದಾಖಲೆಗೆ ಇಳಿದ. ಮೊದಲ ದಿನ ಅವನ ಸೈಕಲ್ಲಿನ ನಕಲಾಗಿ ಹೊಸದಾಗಿ ಮಾಡಿದ ಸೈಕಲ್ ಹತ್ತಿ ಸೋತ. ಮರುದಿನ ತನ್ನ ಹಳೇದನ್ನೇ ಹತ್ತಿ 51.596 ಕಿ.ಮೀ. ಹೊಡೆದು ವಿಶ್ವದಾಖಲೆ ಮಾಡಿದ. ಆರೇ ದಿನಕ್ಕೆ ಆ ದಾಖಲೆ ಮುರಿಯಿತು, ನಿಜ. ಆದರೆ ಯುಸಿಐ 1994ರಲ್ಲಿ ನಿಷೇಧಿಸಿದ್ದು ಅವನು ಕೂರೋ ಭಂಗಿಯನ್ನು! ಲಾಭ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಇನ್ನೊಂದು ಉದಾಹರಣೆ 1989ರ ಟೂರ್ ದ ಫ್ರಾನ್ಸ್. ಕೊನೆಯ ದಿನ 24.5 ಕಿ.ಮೀ. ಟೈಮ್ ಟ್ರಯಲ್. ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. ಎದುರಾಳಿ ಲಾರಾಂ ಫಿನ್ಯೋನ್ ಎರಡೂ ಕಡೆ ದುಬಾರಿ ಡಿಸ್ಕ್ ಚಕ್ರ ಹಾಕಿಸಿದ್ದ. ಲೆಮಾಂಡ್‌ಗೆ ಹಿಂದೆ ಮಾತ್ರ ಡಿಸ್ಕ್, ಆದರೆ ಹ್ಯಾಂಡಲ್ಲಿಗೆ ಮೊಣಕೈ ಊರೋ ಬಾರ್ ಇತ್ತು. ಒಟ್ಟು ಲೆಕ್ಕದಲ್ಲಿ ಲೆಮಾಂಡ್ 8 ಸೆಕೆಂಡಿನಿಂದ ಗೆದ್ದ.

ಸುರಕ್ಷತೆಯ ಮಾತು ಎತ್ತುವವರ ಜೊತೆ ನನ್ನ ಜಗಳ ಇಲ್ಲ. ಫೋರ್ಕಿಗೆ ವೆಲ್ಡಿಂಗ್ ಮಾಡಿಸೋದು, ಭಾರ ಕಡಿಮೆಯಾಗಲಿ ಅಂತ ಒಂದು ಬ್ರೇಕ್ ಬಿಚ್ಚೋದು, ಇವೆಲ್ಲ ಹುಚ್ಚಾಟ. ಮಳಖೇಡ-ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಗಾಳಿ ಮರೆ ಹಿಡಿದು ಪ್ರಾಕ್ಟೀಸ್ ಮಾಡೋ ಹುಡುಗರನ್ನು ಕಂಡರೆ ಕಿವಿ ಹಿಂಡಬೇಕು ಅನ್ನಿಸುತ್ತೆ. ಬ್ರೇಕ್ ಎರಡೂ ಹಿಡಿಯುತ್ತಾ, ಹ್ಯಾಂಡಲ್ ಗಟ್ಟಿ ಇದೆಯಾ, ಹೆಲ್ಮೆಟ್ ಇದೆಯಾ ನೋಡಿ. ಇಲ್ಲದಿದ್ದರೆ ಖಂಡಿತ ವಾಪಸ್ ಕಳಿಸಿ. ಆದರೆ ಅದಕ್ಕೆ ಎರಡು ನಿಮಿಷ ಬಗ್ಗಿ ಪರೀಕ್ಷಿಸಬೇಕು, ದೂರ ನಿಂತು ಬ್ರ್ಯಾಂಡ್ ಓದಿದರೆ ಆಗದು.

ಲಕ್ಷಗಟ್ಟಲೆಯ ಕಾರ್ಬನ್ ಸೈಕಲ್ ಜೋರು ಹೋಗುತ್ತೆ, ಇಲ್ಲ ಅಂತ ಯಾರಂದರು? ರಾಷ್ಟ್ರಮಟ್ಟದಲ್ಲಿ ಪದಕ ಸೆಕೆಂಡುಗಳ ಮೇಲೆ ನಿಲ್ಲುತ್ತೆ, ಅಲ್ಲಿ ಅದು ಬೇಕೇ ಬೇಕು. ಆದರೆ ಯಾರಿಗೆ ಅಂಥ ಸೈಕಲ್ ಕೊಡಿಸಬೇಕು ಅಂತ ತಿಳಿಯೋದು ಹೇಗೆ? ಮೊದಲು ಓಡಿಸೋಕೆ ಬಿಟ್ಟರೆ ತಾನೇ? ವಿಜಯಪುರ, ಬಾಗಲಕೋಟೆ ಕಡೆ ಊರೂರಿನ ಜಾತ್ರೆಯಲ್ಲಿ ಸೈಕಲ್ ಶರ್ಯತ್ತು ನಡೆಯುತ್ತೆ, ವಿಜಯಪುರದಲ್ಲಿ ಸೈಕ್ಲಿಂಗ್ ಹುಡುಗರಿಗೆ ಕ್ರೀಡಾ ನಿಲಯ ಇದೆ. ರಾಜ್ಯದ ಸೈಕಲ್ ಪಟುಗಳಲ್ಲಿ ಆ ಕಡೆಯವರೇ ಯಾಕೆ ಹೆಚ್ಚು ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಹುಡುಗರ ಕಾಲೇನು ಸೋತಿವೆಯೇ?

ಕೇಳೋದು ದೊಡ್ಡದೇನಲ್ಲ. ಸ್ಪರ್ಧೆ ಇಡೋರು ನಿಯಮ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಮೊದಲೇ ಹಂಚಲಿ. ಇಂಗ್ಲೆಂಡಿನ ಟೈಮ್ ಟ್ರಯಲ್‌ಗಳಲ್ಲಿ ಮಾಮೂಲಿ ರೋಡ್ ಬೈಕಿಗೆ ಬೇರೆ ವಿಭಾಗ ಇರೋ ಹಾಗೆ, ಇಲ್ಲಿ ಮಾಮೂಲಿ ಸೈಕಲ್ಲಿಗೊಂದು ವಿಭಾಗ ಇಡಲಿ. ಬಹುಮಾನ ಇಲ್ಲದಿದ್ದರೂ ನಡೆಯುತ್ತೆ, ಹುಡುಗನ ಹೆಸರಿನ ಮುಂದೆ ಅವನ ಸಮಯ ಬರೆದುಕೊಳ್ಳಲಿ ಸಾಕು.

ನಿಮ್ಮ ಊರಲ್ಲಿ ಹೇಗಿದೆ? ನನ್ನ ಲೆಕ್ಕ ತಪ್ಪು ಅನ್ನೋರು ಅಂಕಿ ಸಮೇತ ಬನ್ನಿ, ಜಗಳ ಆಡೋಣ :-)