ಹೆಸರಿಲ್ಲದ ನೋವಿನ ಲೆಕ್ಕ ಯಾರು ಇಡಬೇಕು?

ಬೆಳಿಗ್ಗೆ ಎಂಟು ಗಂಟೆಗೆ ಕಂಕನಾಡಿಯಲ್ಲಿ ಬಸ್ಸಿನಿಂದ ಇಳಿಯುವವರನ್ನು ನೋಡಿ. ಹಲವರ ಕಂಕುಳಲ್ಲಿ ಒಂದು ಚೀಲ ಇರುತ್ತದೆ. ಅದರೊಳಗೆ ಎಕ್ಸ್‌ರೇ, ರಕ್ತ ಪರೀಕ್ಷೆಯ ಕಾಗದ, ನಾಲ್ಕಾರು ಡಾಕ್ಟರರ ಚೀಟಿ. ಇವರಲ್ಲಿ ಬಹಳ ಮಂದಿಗೆ ತಮ್ಮ ರೋಗದ ಹೆಸರು ಗೊತ್ತು. ಅವರ ಕಷ್ಟ ಕಷ್ಟವೇ, ಆದರೆ ಇಂದು ನಾವು ಬರೆಯುವುದು ಅವರ ವಿಷಯವನ್ನಲ್ಲ. ಮೈಕೈ ನೋವು, ತಲೆ ಸುತ್ತು, ಉಬ್ಬಸ, ಕಾಲಿನ ಜೋಮು ಎಂದು ವರ್ಷಗಟ್ಟಲೆ ಅಲೆದು, ಕೊನೆಗೆ "ನಿಮಗೆ ಏನೂ ಇಲ್ಲ" ಎಂಬ ಎರಡು ಮಾತನ್ನು ದುಡ್ಡು ಕೊಟ್ಟು ಕೊಂಡು ಮನೆಗೆ ಮರಳುವವರ ವಿಷಯವನ್ನು.

ಏನೂ ಇಲ್ಲವಾದರೆ ಆ ಮನುಷ್ಯ ಕೂಲಿ ಬಿಟ್ಟು ಬರುವುದೇಕೆ? ಗಿರಣಿಯ ಕೆಲಸಗಾರನಿಗೆ ರೋಗದ ಹೆಸರಿಲ್ಲದೆ ರಜೆಯ ಸರ್ಟಿಫಿಕೇಟು ಸಿಗದು. ಸಣ್ಣ ಅಂಗಡಿಯವನಿಗೆ ಆ ಸರ್ಟಿಫಿಕೇಟು ಸಿಕ್ಕಿದರೂ ಪ್ರಯೋಜನವಿಲ್ಲ. ಅಂಗಡಿಯ ಬಾಗಿಲು ಹಾಕಿದರೆ ಅಂದಿನ ಅನ್ನಕ್ಕೂ ಬಾಗಿಲು. ಮನೆಯವರು ಆರು ತಿಂಗಳು ಅಯ್ಯೋ ಎನ್ನುತ್ತಾರೆ, ಆಮೇಲೆ ಸೋಮಾರಿ ಎನ್ನುತ್ತಾರೆ. ಮಂತ್ರವಾದಿ, ತಾಯಿತದವನು, ಪೇಟೆಯ ಗೋಡೆಗಳ ಮೇಲೆ "ಸಕಲ ರೋಗ ನಿವಾರಣೆ" ಎಂದು ಬರೆಸಿದ ಮಹಾಶಯ, ಇವರೆಲ್ಲ ಬದುಕುವುದು ಆ ಆರು ತಿಂಗಳ ಆಚೆಗೆ.

ಇದೇ ಕಂಕನಾಡಿಯಲ್ಲಿ 1880ರಲ್ಲಿ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿ ಬಡವರಿಗೆ ಔಷಧ ಕೊಡತೊಡಗಿದರು. 1890ರಲ್ಲಿ ಅಲ್ಲಿಯೇ ಕುಷ್ಠ ರೋಗಿಗಳಿಗೆ ಆಶ್ರಯ ಕಟ್ಟಿದರು. ಆಗ ನಮ್ಮ ಊರುಗಳಲ್ಲಿ ಕುಷ್ಠವೆಂದರೆ ಶಾಪ, ಪೂರ್ವಜನ್ಮದ ಪಾಪ. ಅದು ಕಣ್ಣಿಗೆ ಕಾಣದ ಕ್ರಿಮಿಯಿಂದ ಬರುವ ರೋಗವೆಂದು ನಾರ್ವೆ ದೇಶದ ಹ್ಯಾನ್ಸನ್ ಎಂಬವರು 1873ರಲ್ಲೇ ಕಂಡುಕೊಂಡಿದ್ದರು. ಆದರೂ ರೋಗಿಗಳನ್ನು ಮನೆಯಿಂದ ಹೊರಗೆ ಹಾಕುವುದು ನಿಲ್ಲಲಿಲ್ಲ. ಕಾರಣ ತಿಳಿಯದಿದ್ದಲ್ಲಿ ದೂರು ರೋಗಿಯ ತಲೆಗೇ ಬರುವುದು ಹಳೆಯ ಪದ್ಧತಿ. ಈಗ ಶಾಪದ ಬದಲು "ಮನಸ್ಸಿನ ಕಾಯಿಲೆ" ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಮನಸ್ಸಿನಿಂದ ಬಂದ ನೋವೂ ನೋವೇ, ಅದಕ್ಕೂ ಮದ್ದುಂಟು. ಆದರೆ ಹುಡುಕುವ ಶ್ರಮ ತಪ್ಪಿಸಿಕೊಳ್ಳಲು ಆ ಮಾತನ್ನಾಡುವುದು ಬೇರೆ.

ದೂರ ಹೋಗಬೇಕಾಗಿಲ್ಲ. ಕಂಕನಾಡಿಯಿಂದ ತೆಂಕಕ್ಕೆ ತಲಪಾಡಿ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಗ್ರಾಮ. ಅಲ್ಲಿ ಒಂದು ಊರಿನ ಹೆಸರೇ ಸ್ವರ್ಗ. ಆ ಕಡೆಯ ಜನ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರಿಗೇ ಬರುತ್ತಾರೆ. (2020ರ ಮಾರ್ಚ್ ತಿಂಗಳಲ್ಲಿ ನಮ್ಮ ಸರಕಾರ ತಲಪಾಡಿಯ ರಸ್ತೆಗೆ ಮಣ್ಣು ಸುರಿದಾಗ, ಈ ಗಡಿ ಯಾರ ಎದೆಯ ಮೇಲೆ ಹಾದಿದೆ ಎಂದು ರೋಗಿಗಳಿಗೆ ತಿಳಿಯಿತು.) ಆ ಗ್ರಾಮಗಳ ಸುತ್ತಲಿನ ಗುಡ್ಡಗಳಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಬಾವಿ, ತೋಡು, ಸುರಂಗ, ಅಂಗಳದಲ್ಲಿ ಮಕ್ಕಳು.

ಮೊದಮೊದಲು ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದವು. ಆಮೇಲೆ ಮಕ್ಕಳು. ಬುದ್ಧಿ ಬೆಳೆಯದವರು, ಅಪಸ್ಮಾರ ಬರುವವರು, ಚರ್ಮ ಒಡೆಯುವವರು. ಜನ ದೈವದ ಮುನಿಸು ಎಂದುಕೊಂಡು ಹರಕೆ ಹೇಳಿದರು, ಮಂಗಳೂರಿನ ಬಸ್ಸು ಹತ್ತಿದರು. ಒಬ್ಬ ತಾಯಿ ಒಂದು ಮಗುವನ್ನು ತಂದರೆ ಪೇಟೆಯ ಡಾಕ್ಟರರು ಒಂದು ಮಗುವನ್ನು ನೋಡಿದರು. ಮರುದಿನ ಇನ್ನೊಬ್ಬ ತಾಯಿ ಇನ್ನೊಂದು ಆಸ್ಪತ್ರೆಗೆ ಹೋದಳು. ಯಾರೂ ಕೆಟ್ಟವರಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಆದರೆ ಆ ಇಬ್ಬರು ತಾಯಂದಿರು ಒಂದೇ ತೋಡಿನ ನೀರು ಕುಡಿಯುವವರೆಂದು ಯಾವ ಚೀಟಿಯಲ್ಲೂ ಬರೆಯಲಿಲ್ಲ.

ಅದನ್ನು ಕಂಡವರು ಅದೇ ಗ್ರಾಮದ ವಾಣಿನಗರದಲ್ಲಿ 1982ರಿಂದ ವೈದ್ಯ ವೃತ್ತಿ ಮಾಡುತ್ತಿದ್ದ ಡಾಕ್ಟರ್ ಮೋಹನ ಕುಮಾರರು. ಅವರ ಬಳಿ ದೊಡ್ಡ ಯಂತ್ರವಿರಲಿಲ್ಲ. ಯಾವ ಮನೆ, ಯಾವ ತೋಡು, ಎಷ್ಟು ಮಂದಿ ಎಂದು ನೋಡುವ ಕಣ್ಣಿತ್ತು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ರೋಗವೇಕೆ ಎಂದು ಅವರು ಕೇಳಿದರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ಮನುಷ್ಯರ ರಕ್ತ ಪರೀಕ್ಷಿಸಿ ವಿಷ ಉಂಟು ಎಂದರು. ಔದ್ಯೋಗಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯೂ ಸಿಂಪಡಣೆಯಾದ ಊರಿನ ಮಕ್ಕಳನ್ನು ಸಿಂಪಡಣೆಯಾಗದ ಊರಿನ ಮಕ್ಕಳೊಡನೆ ಹೋಲಿಸಿ ವ್ಯತ್ಯಾಸವುಂಟು ಎಂದಿತು. ಆಮೇಲೆ ಬಂದ ಸರಕಾರಿ ಸಮಿತಿಗಳು ಸಂಬಂಧವಿಲ್ಲ ಎಂದವು. ಬಡವನ ರೋಗಕ್ಕೆ ಒಂದು ಸಮಿತಿ ಸಾಲದು ನೋಡಿ! ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ವಿಷವನ್ನು ತಡೆಯಿತು. 2017ರ ಜನವರಿಯಲ್ಲಿ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ಕೇರಳಕ್ಕೆ ಆಜ್ಞೆ ಮಾಡಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ, ಹಣ ಮುಟ್ಟಿದ್ದು ಮತ್ತೆ ಕೋರ್ಟಿಗೆ ಬಂದ ಎಂಟು ಮಂದಿಗೆ ಮಾತ್ರ.

ಗಡಿಯ ಈಚೆ ನಮ್ಮ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಇದೇ ಕತೆ. ತೋಟ ಮಾತ್ರ ಕರ್ನಾಟಕ ಸರಕಾರದ ಗೇರು ಅಭಿವೃದ್ಧಿ ನಿಗಮದ್ದು. ಮಂಗಳೂರಿನ ಪೇಟೆ ಗೇರುಬೀಜದಿಂದ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ, ಅದನ್ನು ನಾವು ಮರೆಯುವುದಿಲ್ಲ. ಬೀಜ ಒಡೆಯುವ ಹೆಂಗಸಿನ ಬೆರಳನ್ನು ಸಿಪ್ಪೆಯ ಎಣ್ಣೆ ಸುಡುವುದು ಎಲ್ಲರಿಗೂ ಕಾಣುತ್ತದೆ. ಗುಡ್ಡದ ಕೆಳಗಿನ ಮನೆಯ ಸಂಕಟ ಕಾಣಲು ಇಪ್ಪತ್ತು ವರ್ಷ ಹಿಡಿಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದಿದ್ದರೆ ಅನ್ಯಾಯವಾದೀತು. 1975ರ ಸುಮಾರಿಗೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಭೂಮಿಯಿಲ್ಲದ ದಲಿತ ಕುಟುಂಬಗಳ ಜನರಿಗೆ ಸೊಂಟ, ಮೊಣಕಾಲು ಹಿಡಿದು ನಡೆಯಲಾಗದಂತಾಯಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈಗೆ ಸೇರಿತೆಂದು ಮೊದಲು ಸಂಶಯ ಪಟ್ಟರು. ಮುಂದಿನ ಸಂಶೋಧನೆಯಲ್ಲಿ ಅದು ವಂಶದಲ್ಲಿ ಇಳಿದು ಬರುವ ಎಲುಬಿನ ರೋಗವೆಂದು ತಿಳಿದುಬಂತು. ಅಂದರೆ, ನಾವು ಊಹಿಸಿದ ಅಪರಾಧಿಯೇ ಪ್ರತಿಸಲ ಅಪರಾಧಿಯಲ್ಲ. ಎಂಡೋಸಲ್ಫಾನಿನಲ್ಲೂ ಒಂದೊಂದು ರೋಗಕ್ಕೆ ಅದೇ ಕಾರಣವೆ ಎಂದು ವಾದಿಸುವ ವಿದ್ವಾಂಸರಿದ್ದಾರೆ. ವಾದಿಸಲಿ. ಲೆಕ್ಕ ಇಟ್ಟಿದ್ದರೆ ವಾದ ಬೇಗ ಮುಗಿಯುತ್ತಿತ್ತು, ಅದು ನಮ್ಮ ಉತ್ತರ. ಹಂದಿಗೋಡಿನಲ್ಲೂ ಸತ್ಯ ಹೊರಬಂದದ್ದು ಮನೆ ಮನೆಗೆ ಹೋಗಿ ಯಾರ ಮಗನಿಗೆ ಉಂಟು, ಯಾರಿಗಿಲ್ಲ ಎಂದು ಬರೆದುಕೊಂಡದ್ದರಿಂದಲೇ.

ಗಿರಣಿಯ ಬಾಂಧವರು ಇದನ್ನು ದೂರದ ಮಾತೆಂದು ಭಾವಿಸಬಾರದು. ಹತ್ತಿ ಗಿರಣಿಯಲ್ಲಿ ಹಲವು ವರ್ಷ ದುಡಿದವನಿಗೆ ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ಮರುದಿನ ಸಡಿಲವಾಗುತ್ತದೆ. ಎಕ್ಸ್‌ರೇಯಲ್ಲಿ ವಿಶೇಷವೇನೂ ಕಾಣದು. ಡಾಕ್ಟರರ ಮುಂದೆ ನಿಂತ ದಿನ ಉಸಿರು ಸರಿಯಾಗಿಯೇ ಇರಬಹುದು. 1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳ ಕೆಲಸಗಾರರನ್ನು ಕಂಡು, ಎದೆ ಬಿಗಿಯುವುದು ವಾರದ ಯಾವ ಯಾವ ದಿನ ಎಂದು ವಿಚಾರಿಸಿ, ಆ ಉತ್ತರದ ಮೇಲೆಯೇ ರೋಗಕ್ಕೆ ದರ್ಜೆ ಕಟ್ಟಿದರು. ಬಿಸಿನೋಸಿಸ್ ಎಂಬ ಆ ಹತ್ತಿ ಧೂಳಿನ ರೋಗ ನಮ್ಮ ದೇಶದ ಕಾರ್ಮಿಕ ಪರಿಹಾರದ ಪಟ್ಟಿಯಲ್ಲೂ ಉಂಟು. ಪಟ್ಟಿಯಲ್ಲಿದ್ದರೆ ಸಾಕೆ? "ಕೆಮ್ಮು" ಎಂದು ಬರೆದು ಕಷಾಯ ಕೊಟ್ಟರೆ ಪರಿಹಾರ ಬಾರದು. ಕೇಳಬೇಕಾದ ಪ್ರಶ್ನೆಯನ್ನು ಇಟಲಿಯ ರಾಮಜ್ಜೀನಿ ಎಂಬ ವೈದ್ಯರು 1700ರಲ್ಲೇ ಹೇಳಿಟ್ಟಿದ್ದಾರೆ: ರೋಗಿಯನ್ನು, ನಿನ್ನ ಕೆಲಸವೇನೆಂದು ಕೇಳಿರಿ.

ನಮ್ಮ ಬೇಡಿಕೆ ಸಣ್ಣದು. ಸರಕಾರಿ ಆಸ್ಪತ್ರೆಯಾಗಲಿ, ಇ.ಎಸ್.ಐ. ದವಾಖಾನೆಯಾಗಲಿ, ಖಾಸಗಿಯಾಗಲಿ, ಹೊರರೋಗಿಯ ಚೀಟಿಯಲ್ಲಿ ಹೆಸರು ಮತ್ತು ವಯಸ್ಸಿನ ಕೆಳಗೆ ಇನ್ನೂ ಮೂರು ಸಾಲು ಇರತಕ್ಕದ್ದು: ಯಾವ ಕೆಲಸ, ಎಷ್ಟು ವರ್ಷದಿಂದ, ಯಾವ ಊರಿನ ನೀರು. ಕಾರಣ ತಿಳಿಯದೆ ಆರು ತಿಂಗಳಿಗೂ ಹೆಚ್ಚು ಕಾಲ ಅಲೆಯುವವರ ಈ ವಿವರಗಳನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ವರ್ಷಕ್ಕೊಮ್ಮೆ ಒಟ್ಟು ಹಾಕಿ, ರೋಗಿಗಳ ಹೆಸರು ಬಿಟ್ಟು, ಪ್ರಕಟಿಸತಕ್ಕದ್ದು. ಇದಕ್ಕೆ ವಿಲಾಯಿತಿಯ ಯಂತ್ರ ಬೇಡ, ಒಬ್ಬ ಗುಮಾಸ್ತ ಸಾಕು.

ಸರಕಾರ ಮಾಡುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿ ಯೂನಿಯನ್ ಕಚೇರಿಯಲ್ಲೂ, ವರ್ತಕರ ಸಂಘದಲ್ಲೂ ನೂರು ಪುಟದ ಒಂದು ಪುಸ್ತಕ ಇಡೋಣ. ಯಾವ ಖಾತೆಯಲ್ಲಿ ದುಡಿಯುತ್ತೀರಿ, ನೋವು ಎಲ್ಲಿ, ಯಾವ ದಿನ ಹೆಚ್ಚು, ಊರಿಗೆ ಹೋದಾಗ ಕಡಿಮೆಯೆ, ಪಕ್ಕದ ಯಂತ್ರದವನಿಗೂ ಉಂಟೆ, ಇಷ್ಟು ಬರೆಯಿಸಿರಿ. ಅಕ್ಷರ ಬಾರದವರದನ್ನು ಬರೆದುಕೊಡಲು ನಮ್ಮ ಕಾರ್ಯಕರ್ತರು ಶನಿವಾರ ಸಂಜೆ ಕುಳಿತಿರುತ್ತಾರೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಎಕ್ಸ್‌ರೇಯ ಜೊತೆಗೆ ಆ ಪುಟದ ನಕಲನ್ನೂ ಚೀಲಕ್ಕೆ ಹಾಕಿಕೊಳ್ಳಿ.