ಮಾರಿಯೋಗೆ ಬಂದ ಹೆಸರು ಪುಕ್ಕಟೆಯದ್ದಲ್ಲ

‘ಸೂಪರ್ ಮಾರಿಯೋ ಬ್ರದರ್ಸ್’ಗೆ ಇಷ್ಟೊಂದು ಹೆಸರು ಯಾಕೆ, ಬರೀ ಹಳೆಯ ನೆನಪಿನ ಮೋಹ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ರೂಪಿಸಿದ ಈ ಆಟ ಇಡಿಯಾಗಿ 40 ಕಿಲೋಬೈಟ್‌ನಲ್ಲಿ ಕೂತಿದೆ. ಜಾಗ ಉಳಿಸಲು ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದಾರೆ.

ಮೊದಲ ಹಂತವನ್ನೇ ನೋಡಿ. ಒಂದು ಸಾಲಿನ ಸೂಚನೆಯೂ ಇಲ್ಲ. ಎದುರಿನಿಂದ ಗೂಂಬಾ ಬರುತ್ತದೆ. ತಾಗಿದರೆ ಸಾವು, ಅದರ ತಲೆ ಮೇಲೆ ಹಾರಿದರೆ ಗೆಲುವು. ಅಕ್ಷರ ಬಾರದ ಮಗುವೂ ಆಡುತ್ತಲೇ ಕಲಿಯುತ್ತದೆ. ಹಾರಿದ ಮೇಲೂ ಗಾಳಿಯಲ್ಲೇ ದಿಕ್ಕು ತಿದ್ದಿಕೊಳ್ಳಬಹುದು. ಹಾಗಾಗಿ ಹೊಂಡಕ್ಕೆ ಬಿದ್ದರೆ ಆಟವನ್ನು ಬೈಯಲು ಬರುವುದಿಲ್ಲ.

ಕೊರತೆಯೂ ಇದೆ. 4-4, 7-4ರ ಕೋಟೆಗಳಲ್ಲಿ ಸರಿದಾರಿ ಹಿಡಿಯುವುದು ಬರೀ ಅಂದಾಜಿನ ಕೆಲಸ. ಅಲ್ಲಿ ಆಟ ಕಲಿಸುವುದನ್ನೇ ಮರೆತಿದೆ. ಆದರೆ 32 ಹಂತಗಳ ಆಟವನ್ನು ಅಷ್ಟಕ್ಕೇ ತಳ್ಳಿಹಾಕಲಾಗದು.

ಉಮ್ಮ, ಉಪ್ಪಂದಿರೇ, ‘ಗೇಮ್ ಎಲ್ಲಾ ಹಾಳು’ ಎನ್ನುವ ಮೊದಲು ಯಾವ ಗೇಮ್ ಎಂದು ಕೇಳಿ. ಮಾರಿಯೋ ಹೆಕ್ಕುವ ನಾಣ್ಯ ಆಟದೊಳಗಿನದು. ಇಂದಿನ ಎಷ್ಟೋ ಮೊಬೈಲ್ ಗೇಮ್‌ಗಳು ಹೆಕ್ಕುವುದು ನಮ್ಮ ಜೇಬಿನದು. ಮಕ್ಕಳ ಕೈಗೆ ಕೊಡುವ ಮೊದಲು ಇಷ್ಟನ್ನಾದರೂ ನೋಡಿ.